ತೊಡೆಯಿಂದ ಕಳೆದುಹೋದ ಎರಡೂವರೆ ಇಂಚು

ಬೇಡಕಿಹಾಳ
9 ಫೆಬ್ರುವರಿ 2024

ರೂಪಾಲಿ,

ಚಿ. ಸೌ. ಎಂದು ಬರೆಯಬೇಕೋ ಬಾರದೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ನೀನು ನನ್ನ ಮಗ ಈಶ್ವರನಿಂದ ಸೋಡಚೀಟಿ ಪಡೆದು, ಮದುವೆ ಮುರಿದುಕೊಂಡು ಈ ಮನೆ ಬಿಟ್ಟು ಒಂಬತ್ತು ವರ್ಷವಾಯಿತು. ಬಿಟ್ಟುಹೋದ ಸೊಸೆಗೆ ಅತ್ತೆಯಾದವಳು ಕಾಗದ ಬರೆಯುವ ರೂಢಿ ನಮ್ಮ ಕಡೆ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನಗೊಂದು ಪ್ರಶ್ನೆ ಬಂದಿದೆ, ಇಲ್ಲಿ ಅದನ್ನು ಯಾರೂ ಪ್ರಶ್ನೆ ಎಂದೇ ಒಪ್ಪುವುದಿಲ್ಲ. ನಿನ್ನ ಶಾಲೆಯ ಮಕ್ಕಳು ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಗೆದ್ದದ್ದನ್ನು ಪೇಪರಿನಲ್ಲಿ ನೋಡಿದೆ. ಆ ವಿಳಾಸಕ್ಕೇ ಹಾಕುತ್ತೇನೆ.

ನವೆಂಬರಿನಲ್ಲಿ ಕಬ್ಬಿನ ಹೊಲದ ಒಡ್ಡಿನಿಂದ ಜಾರಿ ಬಲಗಾಲು ಮುರಿಯಿತು, ಮೊಣಕಾಲಿನ ಕೆಳಗೆ. ತೊಡೆಯವರೆಗೆ ಪ್ಲಾಸ್ಟರ್, ಹತ್ತು ವಾರ ಹಾಸಿಗೆ. ಬಿಚ್ಚಿ ನೋಡಿದರೆ ಎಲುಬು ಕೂಡಿಲ್ಲ. ಮಿರಜಿನ ಡಾಕ್ಟರು ಪ್ಲೇಟ್ ಹಾಕಿದರೆ ಮಾತ್ರ ನಡೆದೇನು ಎಂದರು. ಆದರೆ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ 9.2 ಇದೆಯಂತೆ. "ಆಜಿ, ಆಧಿ ಸಾಖರ, ಮಗ ಆಪರೇಶನ್," ಎಂದು ಮರಾಠಿಯಲ್ಲಿ ಹೇಳಿ ಗುಳಿಗೆ ಬರೆದುಕೊಟ್ಟರು. ಮೊದಲು ಸಕ್ಕರೆ, ಆಮೇಲೆ ಕೊಯ್ಯುವುದು. ಎಂಟಕ್ಕಿಂತ ಕೆಳಗೆ ಬರದೆ ಮುಟ್ಟುವುದಿಲ್ಲವಂತೆ, ಗಾಯ ಮಾಯುವುದಿಲ್ಲವಂತೆ.

ನನ್ನ ಪ್ರಶ್ನೆ ಇದು. ದಸರೆಯ ಮುಂಚೆ ಊರಿನ ಶಿಬಿರದಲ್ಲಿ ಪರೀಕ್ಷೆ ಮಾಡಿದಾಗ ಸಕ್ಕರೆ ಅಂಚಿನಲ್ಲಿದೆ, ರೋಗವಿಲ್ಲ ಎಂದಿದ್ದರು. ನನ್ನ ಊಟ ಬದಲಾಗಿಲ್ಲ, ಒಂದು ರೊಟ್ಟಿ ಕಡಿಮೆಯೇ ಆಗಿದೆ. ಹಾಗಿದ್ದರೆ ಸಕ್ಕರೆ ಯಾಕೆ ಏರಿತು? ಇನ್ನೊಂದು ಮಾತು. ಕುಪ್ಪಸ ಹೊಲಿಯುವ ಟೇಪಿನಿಂದ ಎರಡೂ ತೊಡೆ ಅಳೆದೆ. ಎಡಗಡೆ ಹದಿನೇಳು ಇಂಚು, ಬಲಗಡೆ ಹದಿನಾಲ್ಕೂವರೆ. ಮುರಿದದ್ದು ಮೊಣಕಾಲ ಕೆಳಗೆ, ಮೇಲಿನ ಎರಡೂವರೆ ಇಂಚು ಎಲ್ಲಿಗೆ ಹೋಯಿತು?

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳ ತೆಗೆಯುತ್ತೇವೆ. ಕಾಗದದಲ್ಲಿ ಸಿಟ್ಟು ಬಂದರೆ ಪೆನ್ನು ಕೆಳಗಿಡಬಹುದು.

ಲಕ್ಕವ್ವ


ಕಾಗವಾಡ
24 ಫೆಬ್ರುವರಿ 2024

ಲಕ್ಕವ್ವನವರಿಗೆ,

ನಿಮ್ಮ ಕಾಗದವನ್ನು ಸುಮಾರು ಎರಡು ವಾರ ಡ್ರಾವರಿನಲ್ಲಿ ಇಟ್ಟಿದ್ದೆ. ಹರಿದು ಹಾಕುವ ಮನಸ್ಸೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎಂಟು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ, ಇಂಥ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ.

ನಿಮ್ಮ ಎರಡು ಪ್ರಶ್ನೆಗಳೂ ಒಂದೇ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯು, ಅಂದರೆ ಎಲುಬಿಗೆ ಅಂಟಿ ಮೈಯನ್ನು ಆಡಿಸುವ ಮಾಂಸ. ತೊಡೆಯ ಸ್ನಾಯು ಅದರಲ್ಲಿ ದೊಡ್ಡ ಹಗೇವು, ಕಾಳು ತುಂಬಿಡುವ ಕಣಜದ ಹಾಗೆ. ಇನ್ಸುಲಿನ್ ಬಂದು ಬಾಗಿಲು ತಟ್ಟುತ್ತದೆ, ಸ್ನಾಯು ತೆರೆಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ವಯಸ್ಸಾದಂತೆ ಸ್ನಾಯು ವರ್ಷಕ್ಕಿಷ್ಟು ಕರಗುತ್ತದೆ. ಉಳಿದದ್ದರೊಳಗೆ ಕೊಬ್ಬು ಸೇರಿಕೊಂಡು, ತಟ್ಟಿದ್ದು ಸರಿಯಾಗಿ ಕೇಳಿಸದಂತಾಗುತ್ತದೆ. ಇದನ್ನು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಹೊಲದಲ್ಲಿ ಓಡಾಡುವವರೆಗೆ ನಿಮ್ಮ ಕಾಲು ಅದನ್ನು ಹೇಗೋ ನಿಭಾಯಿಸಿತ್ತು. ಮಲಗಿದಿರಿ. ವರ್ಷಗಟ್ಟಲೆ ಕರಗುವುದು ವಾರಗಳಲ್ಲಿ ಕರಗಿತು. ಸ್ನಾಯುವಿಗೆ ಕೆಲಸವಿಲ್ಲದಿದ್ದರೆ ದೇಹ ಅದನ್ನು ಇಟ್ಟುಕೊಳ್ಳುವುದಿಲ್ಲ.

ಆದರೆ ಇದರಿಂದಲೇ 9.2 ಆಯಿತು ಎಂದರೆ ನನಗೆ ನಂಬಿಕೆ ಬರುತ್ತಿಲ್ಲ. ಬೆಳಿಗ್ಗೆಯಿಂದ ಮಲಗುವವರೆಗೆ ಬಾಯಿಗೆ ಹೋಗುವುದನ್ನೆಲ್ಲ ಬರೆದು ಕಳಿಸಿ. ಗುಳಿಗೆ ತಪ್ಪಿಸಬೇಡಿ.

ರೂಪಾಲಿ


ಬೇಡಕಿಹಾಳ
11 ಮಾರ್ಚ್ 2024

ರೂಪಾಲಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹಗೇವಿನ ಮಾತು ಮೊದಲ ಸಲಕ್ಕೇ ತಿಳಿಯಿತು, ಕಿವುಡು ಬಾಗಿಲಿನದು ಮೂರನೆಯ ಸಲಕ್ಕೆ. ನನ್ನ ತೊಡೆಗೆ ಕಿವಿ ಕೇಳುವುದಿಲ್ಲ ಎಂದು ಶೀತಲಳಿಗೆ ಹೇಳಿದೆ. ನಕ್ಕಳು. ಶೀತಲ ಈಶ್ವರನ ಈಗಿನ ಹೆಂಡತಿ. ಈ ಕಾಗದಗಳನ್ನು ಅಂಚೆಗೆ ಹಾಕುವವಳು ಅವಳೇ. ಯಾರಿಗೆ ಎಂದು ಅವಳಿಗೆ ಗೊತ್ತು. ಗೊತ್ತಿಲ್ಲದವನು ಈಶ್ವರ ಒಬ್ಬನೇ.

ಬೆಳಿಗ್ಗೆ ಚಹಾ, ಎರಡು ಖಾರಿ ಬಿಸ್ಕೀಟು. ಒಂಬತ್ತಕ್ಕೆ ಒಂದು ರೊಟ್ಟಿ, ಪಲ್ಯ. ಮಧ್ಯಾಹ್ನ ಎರಡು ರೊಟ್ಟಿ, ಅನ್ನ, ಸಾರು. ನಾಲ್ಕಕ್ಕೆ ಚಹಾ. ಸಂಜೆ ಒಬ್ಬರಲ್ಲ ಒಬ್ಬರು ನೋಡಲು ಬರುತ್ತಾರೆ, ಅವರ ಜೊತೆ ಮತ್ತೆ ಚಹಾ. ಮಲಗುವ ಮುಂಚೆ ಒಂದು ರೊಟ್ಟಿ, ಹಾಲು. ಇಷ್ಟೇ. ಕೊಬ್ಬು ಸೇರಲು ನಾನೇನು ಹಬ್ಬ ಉಂಡಿದ್ದೇನೆಯೇ?

ಕೋಲು ಹಿಡಿದು ಒಂಟಿಕಾಲಿನಲ್ಲಿ ಬಚ್ಚಲ ಮೋರಿಗೆ ಹೋಗುವುದೇ ನನ್ನ ಸಂಚಾರ. ಅರವತ್ತೇಳು ವರ್ಷಕ್ಕೆ ಇದು ನನಗೆ ಬೇಡ. ನಾನು ನಡೆಯಬೇಕು, ರೂಪಾಲಿ. ಬೇರೆ ಏನೂ ಬೇಕಿಲ್ಲ.

ಲಕ್ಕವ್ವ


ಕಾಗವಾಡ
20 ಮಾರ್ಚ್ 2024

ಲಕ್ಕವ್ವನವರಿಗೆ,

ಪಟ್ಟಿ ಚೆನ್ನಾಗಿದೆ, ಆದರೆ ಪೂರ್ತಿಯಿಲ್ಲ. ನಾಲ್ಕು ವರ್ಷ ಆ ಮನೆಯ ಅಡುಗೆ ಮಾಡಿದವಳು ನಾನು. ಎಲುಬು ಮುರಿದವರಿಗೆ ಬೆಲ್ಲ ಹಾಕಿದ ಅಂಟಿನ ಉಂಡಿ ಕಟ್ಟದೆ ಬಿಡುವ ಮನೆಯೇ ಅದು? ಕೊಗನೊಳ್ಳಿಯಿಂದ ನಿಮ್ಮ ತಂಗಿ ರಾಮವ್ವ ಡಬ್ಬಿ ಕಳಿಸಿಲ್ಲ ಎಂದು ಆಣೆ ಮಾಡಿ.

ಇನ್ನೊಂದು ಸಂಗತಿ. ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ ತಟ್ಟದಿದ್ದರೂ ಬಾಗಿಲು ತೆರೆದುಕೊಳ್ಳುತ್ತದೆ. ಕಿವುಡಾದ ಸ್ನಾಯುವಿನಲ್ಲೂ ಅದು ತೆರೆಯುತ್ತದೆ. ಕಾಲೇ ಬೇಕೆಂದಿಲ್ಲ, ತೋಳಿಗೂ ಸ್ನಾಯು ಇದೆ. ಡಾಕ್ಟರನ್ನು ಕೇಳಿ, ಸಕ್ಕರೆ ನೋಡುವ ಮಶಿನ್ ಒಂದು ತರಿಸಿ. ಒಂದು ದಿನ ಊಟ ಮಾಡಿ ಮಲಗಿರಿ, ಮರುದಿನ ಅದೇ ಊಟ ಮಾಡಿ ಕೂತಲ್ಲೇ ಏನಾದರೂ ಶ್ರಮದ ಕೆಲಸ ಮಾಡಿ. ಎರಡೂ ದಿನ ಎರಡು ಗಂಟೆಯ ನಂತರ ರಕ್ತ ನೋಡಿ. ನನ್ನ ಮಾತನ್ನು ನಂಬಬೇಡಿ, ಅಂಕಿಯನ್ನು ನಂಬಿ.

ಕೆಲಸ ಸಿಗದ ಕಾಲಿನ ಬಗ್ಗೆ ಬರೆಯುವಾಗ ನನ್ನ ಸೈಕಲ್ ನೆನಪಾಯಿತು. ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಪಾಠ ಮಾಡಲು ನಾನು ಹೋಗುತ್ತಿದ್ದ ಸೈಕಲ್ಲನ್ನು ಗೊಬ್ಬರದ ಕೋಣೆಯಲ್ಲಿಟ್ಟು ಕೀಲಿ ಹಾಕಿದರು. ಇದನ್ನು ಬರೆಯಬಾರದೆಂದು ಕೂತಿದ್ದೆ, ಬರೆದುಬಿಟ್ಟೆ. ಇರಲಿ.

ರೂಪಾಲಿ


ಬೇಡಕಿಹಾಳ
16 ಏಪ್ರಿಲ್ 2024

ರೂಪಾಲಿ,

ಅಂಟಿನ ಉಂಡಿ ಊಟವಲ್ಲ, ಔಷಧ. ಅದಕ್ಕೇ ಬರೆಯಲಿಲ್ಲ. ಮುರಿದ ದಿನದಿಂದ ರಾಮವ್ವ ಕಳಿಸುತ್ತಿದ್ದಾಳೆ, ದಿನಕ್ಕೆ ಮೂರು. ಬೆಲ್ಲ, ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಅಂಟು. ಗುಳಿಗೆಯನ್ನು ಯಾರಾದರೂ ಊಟದಲ್ಲಿ ಎಣಿಸುತ್ತಾರೆಯೇ? ಹೀಗೆಂದು ನಿನಗೆ ಸಿಟ್ಟಿನಿಂದ ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಮಶಿನ್ ಬಂತು. ನಾಲ್ಕು ಗಂಟೆಯ ಚಹಾದ ಜೊತೆ ಎರಡು ಉಂಡಿ ತಿಂದು ಆಮೇಲೆ ಬೆರಳು ಚುಚ್ಚಿದೆ. 318. ಸಿಟ್ಟು ಇಳಿಯಿತು. ಐದು ತಿಂಗಳು, ದಿನಕ್ಕೆ ಮೂರು, ಅದೂ ಮಲಗಿ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಆಳುಗಳಿಗೆ ಹೇಳುತ್ತಿದ್ದವಳು ನಾನೇ.

ಇನ್ನು ನಿನ್ನ ಪ್ರಯೋಗ. ಊಟ ಮಾಡಿ ಮಲಗಿದ ದಿನ 271. ಮರುದಿನ ಅಟ್ಟದ ಕೆಳಗಿದ್ದ ಬೀಸುಕಲ್ಲನ್ನು ಎಳೆಸಿದೆ. ಕಟ್ಟು ಹಾಕಿದ ಕಾಲನ್ನು ಮುಂದೆ ಚಾಚಿ ಕೂತು ಇಪ್ಪತ್ತು ನಿಮಿಷ ಗೋದಿ ಬೀಸಿದೆ. 219! ಮೂರು ದಿನ ಮಾಡಿ ನೋಡಿದೆ, ಮೂರು ದಿನವೂ ಇಳಿಯಿತು. ನನ್ನ ತೋಳು ನನ್ನ ತೊಡೆಯ ಪಾಲಿನದನ್ನೂ ತಿನ್ನುತ್ತದೆ ಎಂದರೆ ಇದಕ್ಕಿಂತ ಸೋಜಿಗವೇನಿದೆ? ಇಷ್ಟು ವರ್ಷ ಈ ಮೈಯನ್ನು ಹೊತ್ತು ತಿರುಗಿದೆ, ಒಳಗೆ ಏನು ನಡೆದಿದೆ ಎಂದು ಒಂದು ದಿನ ಕೇಳಲಿಲ್ಲ.

ಈಶ್ವರ ನೋಡಿ ಕೆಂಡವಾದ. "ಕಾಲ ಮುರದ ಅವ್ವನ ಕಡೆ ಬೀಸಸ್ತಾರ ಅಂತಾರ ಮಂದಿ," ಎಂದ. ಮಂದಿಯೇನು ನನ್ನ ಕಾಲು ಕೂಡಿಸಿಕೊಡುತ್ತಾರೆಯೇ ಎಂದೆ. ಶೀತಲ ಎದುರು ಬಂದು ಕೂತು ಗೂಟದ ಇನ್ನೊಂದು ಬದಿ ಹಿಡಿದಳು.

ಸೈಕಲ್ಲಿನ ಮಾತು. ಕೀಲಿ ಹಾಕಿದರು ಎಂದು ಬರೆದಿದ್ದೀ, ಯಾರು ಎಂದು ಬರೆದಿಲ್ಲ. ಹಾಕಿದವಳು ನಾನು. ಈಶ್ವರ ಸುಮ್ಮನಿದ್ದ, ಸುಮ್ಮನಿರುವುದು ಅವನ ಗುಣ. ದೊಡ್ಡ ಮನೆಯ ಸೊಸೆ ಸೈಕಲ್ ತುಳಿಯುತ್ತ ಊರ ಮುಂದೆ ಹೋಗುವುದು ನನಗೆ ನಾಚಿಕೆ ಎನಿಸಿತ್ತು. ಮನೆಯಲ್ಲಿ ಕೂತಿರುವುದು ಏನೆಂದು ಈಗ ಐದು ತಿಂಗಳು ಕೂತು ತಿಳಿದಿದ್ದೇನೆ. ನನ್ನದು ತಪ್ಪಾಯಿತು. ಇದನ್ನು ಯಾರಿಂದಲೂ ಹೇಳಿಸಿಕೊಂಡು ಬರೆದದ್ದಲ್ಲ.

ನೀನೂ ಬೆರಳು ಚುಚ್ಚಿಕೊಂಡು ನಿನ್ನ ಅಂಕಿ ಕಳಿಸು. ಹೋಲಿಸಲು ಆರೋಗ್ಯವಂತರೊಬ್ಬರು ಬೇಕು.

ಲಕ್ಕವ್ವ


ಕಾಗವಾಡ
2 ಮೇ 2024

ಲಕ್ಕವ್ವನವರಿಗೆ,

ಕಾಗದ ತಲುಪಿತು. ಸೈಕಲ್ಲಿನ ಬಗ್ಗೆ ನೀವು ಬರೆದ ಮಾತನ್ನು ಓದಿದೆ. ಅದಕ್ಕೆ ಉತ್ತರವನ್ನು ಈಗ ಬರೆಯಲಾರೆ.

ಬೀಸುವುದನ್ನು ಎರಡು ಹೊತ್ತಿನ ಊಟದ ನಂತರವೂ ಮಾಡಿ. ಎಡಗಾಲನ್ನು ಕುರ್ಚಿಯಲ್ಲಿ ಕೂತು ಚಾಚಿ ಮಡಚಿ. ಬಲಗಾಲಿಗೆ ಏನು ಮಾಡಬಹುದೆಂದು ಡಾಕ್ಟರನ್ನೇ ಕೇಳಿ. ವಯಸ್ಸಾದ ಸ್ನಾಯು ಮತ್ತೆ ಕಟ್ಟಿಕೊಳ್ಳಲು ಬೇಳೆಕಾಳು, ಮೊಸರು ಹೆಚ್ಚು ಬೇಕು. ಅನ್ನ ಬಿಟ್ಟು ಮಡಿಕೆಕಾಳಿನ ಉಸುಳಿ ಮಾಡಿಸಿ. ಚಹಾ ಎರಡೇ ಸಲ, ಸಕ್ಕರೆಯಿಲ್ಲದೆ. ಊಟ ಮಾಡದೆ ಇರುವುದು ಬೇಡ, ಹಸಿದರೆ ದೇಹ ಸ್ನಾಯುವನ್ನೂ ಕರಗಿಸುತ್ತದೆ.

ರೂಪಾಲಿ


ಬೇಡಕಿಹಾಳ
28 ಮೇ 2024

ರೂಪಾಲಿ,

8.3. ಮಿರಜಿನ ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. ಇನ್ನೂ ಎಂಟರ ಕೆಳಗೆ ಬಂದಿಲ್ಲ, ಆಗಸ್ಟಿನಲ್ಲಿ ಬನ್ನಿ ಎಂದರು. ಕೂತಲ್ಲೇ ಬಲದ ತೊಡೆಯನ್ನು ಬಿಗಿ ಹಿಡಿದು ಬಿಡುವುದನ್ನು ಹೇಳಿಕೊಟ್ಟರು. ಬೀಸುಕಲ್ಲಿನ ಮಾತು ಕೇಳಿ ನಕ್ಕು, ಬಿಡಬೇಡಿ ಎಂದರು.

ರಾಮವ್ವ ಬಂದು ಉಂಡಿ ತಿನ್ನದಿದ್ದುದಕ್ಕೆ ಅತ್ತಳು. ಅವಳ ಪ್ರೀತಿಗೆ ಬೇರೆ ದಾರಿ ಗೊತ್ತಿಲ್ಲ. ಶೇಂಗಾ ಸುಲಿದುಕೊಡು ಎಂದು ಕೂರಿಸಿದೆ, ಸಮಾಧಾನವಾಯಿತು.

ನಿನ್ನ ಅಂಕಿ ಎಲ್ಲಿ? ಹೋದ ಕಾಗದದಲ್ಲಿ ನನಗೆ ಹನ್ನೆರಡು ಬುದ್ಧಿಮಾತು ಹೇಳಿದೆ, ಅದೊಂದನ್ನು ಬರೆಯಲಿಲ್ಲ. ಮಶಿನ್ ಇಲ್ಲವೆಂದರೆ ನಂಬುವುದಿಲ್ಲ, ನೀನು ವಿಜ್ಞಾನದ ಟೀಚರು.

ಲಕ್ಕವ್ವ


ಬೇಡಕಿಹಾಳ
7 ಜುಲೈ 2024

ರೂಪಾಲಿ,

ನಲವತ್ತು ದಿನವಾಯಿತು. ಶೀತಲ ಅಂಚೆಯವನನ್ನು ದಿನಾ ಕೇಳುತ್ತಾಳೆ. ನೀನು ಸಿಟ್ಟಾಗಿದ್ದರೆ ಬೈದು ಬರೆಯುತ್ತಿದ್ದೆ, ನಿನ್ನ ಸಿಟ್ಟು ನನಗೆ ಗೊತ್ತು. ಹೆದರಿದರೆ ಮಾತ್ರ ನೀನು ಸುಮ್ಮನಾಗುತ್ತೀ. ಅಂಕಿ ಎಷ್ಟು?

ಲಕ್ಕವ್ವ


ಕಾಗವಾಡ
19 ಜುಲೈ 2024

ಅತ್ತೆ,

203. ಊಟವಾಗಿ ಎರಡು ಗಂಟೆಗೆ. ಏಪ್ರಿಲಿನಲ್ಲಿ ನಿಮ್ಮ ಕಾಗದ ಬಂದ ದಿನವೇ, ತಮಾಷೆಗೆಂದು ಚುಚ್ಚಿಕೊಂಡೆ. ಮಶಿನ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದೆ. ಅದೂ ಕೆಟ್ಟಿರಲಿಲ್ಲ. ಲ್ಯಾಬಿನಲ್ಲಿ ಮೂರು ತಿಂಗಳದ್ದು 6.9 ಬಂತು; ಆರೂವರೆ ಮುಟ್ಟಿದರೇ ಸಕ್ಕರೆ ಕಾಯಿಲೆ.

ನನಗೆ ನಲವತ್ತೊಂದು, ತೂಕ ನಲವತ್ತಾರು ಕಿಲೋ. ಸಕ್ಕರೆ ದಪ್ಪಗಿದ್ದವರಿಗೆ, ಮುದುಕರಿಗೆ ಬರುವುದು ಎಂದು ಒಳಗೊಳಗೆ ನಂಬಿದ್ದೆ. ತೆಳ್ಳಗಿದ್ದೇನೆಂದರೆ ಸ್ನಾಯುವೂ ಇಲ್ಲ ಎಂಬುದು ಹೊಳೆಯಲಿಲ್ಲ. ಮೈ ತೆಳ್ಳಗಿದ್ದರೂ ಒಳಗೆ ಕೊಬ್ಬು ಸೇರಿರಬಹುದು ಎಂದು ಡಾಕ್ಟರು ಹೇಳಿದರು. ಮನೆಯಿಂದ ಶಾಲೆ ಆರುನೂರು ಮೀಟರ್, ಸ್ಕೂಟಿಯ ಮೇಲೆ ಹೋಗುತ್ತೇನೆ. ಒಬ್ಬಳಿಗೇಕೆ ಅಡುಗೆ ಎಂದು ಸಂಜೆ ಚಹಾ ಟೋಸ್ಟಿನಲ್ಲಿ ಮುಗಿಸುತ್ತೇನೆ, ಇಲ್ಲವೇ ಅವಲಕ್ಕಿ. ಉಳಿದ ಹೊತ್ತು ಪೇಪರ್ ತಿದ್ದುತ್ತ ಕೂತಿರುತ್ತೇನೆ. ಹೇಳೂದು ಆಚಾರ, ತಿನ್ನೂದು ಬದನಿಕಾಯಿ.

ಇದನ್ನು ಯಾರಿಗೂ ಹೇಳಿಲ್ಲ. ಹೇಳಲು ಯಾರಿದ್ದಾರೆಂದು ಯೋಚಿಸಿದಾಗ ನೀವೇ ನೆನಪಾದಿರಿ. ಅದೇ ನನಗೆ ಸಿಟ್ಟು ಬರಿಸಿತ್ತು.

ಏಪ್ರಿಲಿನ ನಿಮ್ಮ ಮಾತಿಗೆ ಉತ್ತರ: ತಪ್ಪಾಯಿತು ಎಂಬ ಆ ಸಾಲನ್ನು ದಿನಾ ಓದುತ್ತೇನೆ.

ರೂಪಾಲಿ


ಬೇಡಕಿಹಾಳ
24 ಆಗಸ್ಟ್ 2024

ರೂಪಾಲಿ,

7.4! ಸೆಪ್ಟೆಂಬರ್ ಐದಕ್ಕೆ ಮಿರಜಿನಲ್ಲಿ ಆಪರೇಶನ್. ಡಾಕ್ಟರು ಮರುದಿನದಿಂದಲೇ ಎಬ್ಬಿಸುತ್ತಾರಂತೆ. ಮೊದಲು ಕಾಲು ಊರದೆ, ಆಮೇಲೆ ಸ್ವಲ್ಪ ಸ್ವಲ್ಪ ಊರಿ ವಾಕರ್ ಹಿಡಿದು ನಡೆಯಬೇಕು. ಮಲಗಿದರೆ ಸಕ್ಕರೆ ತಿರುಗಿ ಏರುತ್ತದೆ, ಕಟ್ಟಿದ್ದೆಲ್ಲ ಕರಗುತ್ತದೆ ಎಂದು ಈಶ್ವರನ ಎದುರೇ ಹೇಳಿದರು. ಅವನು ತಲೆ ಅಲ್ಲಾಡಿಸಿದ. ಮನೆಗೆ ಬಂದು ನಾನು ಮಲಗಲು ಹೊಸ ಗಾದಿ ತಂದ.

ಈ ಮನೆಯಲ್ಲಿ ನನ್ನನ್ನು ಪ್ರೀತಿಯಿಂದಲೇ ಮಲಗಿಸಿಬಿಡುತ್ತಾರೆ, ರೂಪಾಲಿ. ನಾನು ಏಳುತ್ತೇನೆಂದರೆ ನಾಲ್ಕು ಕೈ ಬಂದು ಕೂರಿಸುತ್ತವೆ. ಮಿರಜಿನಿಂದ ಇಲ್ಲಿಗಿಂತ ಕಾಗವಾಡ ಹತ್ತಿರ. ಆಸ್ಪತ್ರೆಯಿಂದ ನೇರ ನಿನ್ನ ಮನೆಗೆ ಬರುತ್ತೇನೆ. ಬರಲೇ ಎಂದು ಕೇಳುತ್ತಿಲ್ಲ, ಕೇಳಿದರೆ ನೀನು ಎರಡು ವಾರ ಡ್ರಾವರಿನಲ್ಲಿ ಇಡುತ್ತೀ. ನಾನು ಅಲ್ಲಿದ್ದರೆ ಒಬ್ಬಳಿಗೇಕೆ ಅಡುಗೆ ಎನ್ನಲು ನಿನಗೆ ಬರುವುದಿಲ್ಲ. ಅಡುಗೆಮನೆಯಲ್ಲಿ ನನಗೊಂದು ಎತ್ತರದ ಸ್ಟೂಲ್ ಇಡು.

ಈಶ್ವರನಿಗೆ ನಿನ್ನೆ ಎಲ್ಲ ಹೇಳಿದೆ. ಮೊದಲು ಕೂಗಾಡಿದ. ಆಮೇಲೆ "ಅಕಿ ಹೂಂ ಅಂದಾಳೇನು?" ಎಂದು ಕೇಳಿದ. ಇನ್ನೂ ಇಲ್ಲ ಎಂದೆ. ಶೀತಲ ನನ್ನ ಸೀರೆ ಮಡಚಿ ಚೀಲಕ್ಕೆ ತುಂಬತೊಡಗಿದ್ದಾಳೆ.

ಲಕ್ಕವ್ವ


ಕಾಗವಾಡ
20 ಅಕ್ಟೋಬರ್ 2024

ಶೀತಲ ಅವರಿಗೆ,

ಆರು ತಿಂಗಳು ಅತ್ತೆಯ ಕಾಗದಗಳನ್ನು ಅಂಚೆಗೆ ಹಾಕಿದವರು, ನನ್ನವುಗಳಿಗೆ ಕಾದವರು ನೀವು. ಆಸ್ಪತ್ರೆಯಿಂದ ಅತ್ತೆಯನ್ನು ಇಲ್ಲಿಗೆ ಬಿಡಲು ನೀವು ಬಂದ ದಿನ ಬಾಗಿಲಲ್ಲಿ ನಿಂತೇ ಮಾತಾಡಿದೆವು. ಸುದ್ದಿಯನ್ನು ನಿಮಗೇ ಬರೆಯಬೇಕೆನಿಸಿತು.

ಗುರುವಾರದ ಎಕ್ಸರೇಯಲ್ಲಿ ಎಲುಬು ಕೂಡತೊಡಗಿದೆ. ಗಾಯ ಪೂರ್ತಿ ಮಾಯ್ದಿದೆ. ಕಾಲು ಅರೆಬರೆ ಊರಬಹುದು ಎಂದು ಡಾಕ್ಟರು ಹೇಳಿದ್ದಾರೆ, ಅತ್ತೆ ಅರೆಬರೆ ಎಂಬ ಮಾತನ್ನು ಕೇಳಿಸಿಕೊಂಡ ಹಾಗಿಲ್ಲ. ಸಂಜೆ ಏಳಕ್ಕೆ ಊಟ, ಎಂದೂ ಮಡಿಕೆಕಾಳು ತಪ್ಪುವುದಿಲ್ಲ. ತಟ್ಟೆ ತೊಳೆಯುವ ಮುಂಚೆಯೇ ನನ್ನನ್ನು ಎಬ್ಬಿಸುತ್ತಾರೆ. ಅವರು ವಾಕರ್ ಹಿಡಿದು, ನಾನು ಪಕ್ಕದಲ್ಲಿ. ಅವರು ಒಂದು ಸಲ ಹೋಗಿಬರುವಷ್ಟರಲ್ಲಿ ನಾನು ಓಣಿಯ ತುದಿಗೆ ನಾಲ್ಕು ಸಲ ಹೋಗಿಬರಬೇಕೆಂದು ಹುಕುಂ. ನಿನ್ನೆ ನನ್ನ ಅಂಕಿ 148. ಅವರದ್ದು 161. ಗೆದ್ದವಳು ನಾನು, ಆದರೂ ಬೈಗುಳ ನನಗೇ.

ಯಾವಾಗ ಕರೆದೊಯ್ಯಲಿ ಎಂದು ಕೇಳಿದ್ದೀರಿ. ನನ್ನ ಬೆಳಗಿನ ಸಕ್ಕರೆ ನೂರರ ಕೆಳಗೆ ಬರುವವರೆಗೆ ಬರುವುದಿಲ್ಲವಂತೆ. ನನಗೂ ಅವಸರವಿಲ್ಲ.

ನಿನ್ನೆ ಎದುರುಮನೆಯ ದ್ರೌಪದಿಬಾಯಿ ನಮ್ಮನ್ನು ನಿಲ್ಲಿಸಿ, "ಇವರು ನಿಮಗ ಏನಾಗಬೇಕ್ರಿ, ಟೀಚರ?" ಎಂದು ಕೇಳಿದರು. ಅತ್ತೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ತಾಯಿ ಎಂದರೆ ಸುಳ್ಳಾಗುತ್ತದೆ. ನಾನು ತಡವರಿಸುತ್ತಿದ್ದಾಗ ಅವರೇ ವಾಕರ್ ಊರಿ ನಿಂತು ಹೇಳಿದರು:

"ಇಕಿನ್ನ ಮನಿಯಾಗ ಕುಂಡ್ರಿಸಿದಾಕಿ ನಾನ ನೋಡ್ರಿ. ಈಗ ನಡಸಾಕ ಬಂದೀನಿ."

ದ್ರೌಪದಿಬಾಯಿಗೆ ಏನು ತಿಳಿಯಿತೋ ಗೊತ್ತಿಲ್ಲ. ನಾವು ಮುಂದೆ ಹೋದೆವು. ನಾನು ಅಳುತ್ತಿದ್ದೆ. ಅವರು ಅದನ್ನು ನೋಡಿದರು, ಆದರೆ ಹೆಜ್ಜೆ ಎಣಿಸುವುದನ್ನು ನಿಲ್ಲಿಸಲಿಲ್ಲ.

ರೂಪಾಲಿ